ಗಾಳಿ: ಉತ್ತರದಿಂದ ಎಂಟು

ಜೌಜಾ ೨೨

ಗಾಳಿ: ವಾಯವ್ಯದಿಂದ ಆರು.

ಹೊಸ ಪುಸ್ತಕ ತೆರೆದಾಗ ಮೊದಲ ಪುಟದಲ್ಲಿ ದಾಖಲೆ ಬರೆಯುವವನ ಹೆಸರು, ಹುದ್ದೆ ನಮೂದಿಸಬೇಕೆಂಬುದು ನಮ್ಮ ಹವಾಮಾನ ಕಚೇರಿಯ ನಿಯಮವಾಗಿತ್ತು. ಕಚೇರಿ ನನ್ನನ್ನು ಬಿಟ್ಟು ನಾಲ್ಕು ವರ್ಷವಾದರೂ ನಿಯಮ ಬಿಟ್ಟಿಲ್ಲ. ಆದ್ದರಿಂದ: ಸೈಫುದ್ದೀನ್, ಮಾಜಿ ಗಾಳಿ ಗುಮಾಸ್ತ, ವಯಸ್ಸು ಐವತ್ತೈದು, ಅವಿವಾಹಿತ. ಹೆಸರಿನ ಅರ್ಥ ‘ಧರ್ಮದ ಖಡ್ಗ’. ಈ ಖಡ್ಗ ಇದುವರೆಗೆ ಒಂದು ಕಲ್ಲಂಗಡಿಯನ್ನೂ ನೆಟ್ಟಗೆ ಹೋಳು ಮಾಡಿದ್ದಿಲ್ಲ.

ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಮಹಡಿ ಹತ್ತುವುದು, ಗಾಳಿಯ ದಿಕ್ಕು ಮತ್ತು ಬಲ ನೋಡುವುದು, ಇಳಿದು ಬಂದು ಬರೆಯುವುದು. ಅಳತೆ ಸೊನ್ನೆಯಿಂದ ಹನ್ನೆರಡು. ಸೊನ್ನೆಯೆಂದರೆ ಹೊಗೆ ನೆಟ್ಟಗೆ ಏರುತ್ತದೆ. ಏಳೆಂದರೆ ಇಡೀ ಮರ ತೂಗುತ್ತದೆ. ಎಂಟೆಂದರೆ ರೆಂಬೆ ಮುರಿಯುತ್ತದೆ, ಎದುರಿಗೆ ಹೆಜ್ಜೆ ಇಡಲಾಗುವುದಿಲ್ಲ. ಹನ್ನೆರಡನ್ನು ನೋಡಿದವರು ಬರೆಯಲು ಉಳಿದಿರುವುದಿಲ್ಲ. ನಮ್ಮ ಹೆರಾತಿನಲ್ಲಿ ಜೌಜಾ ತಿಂಗಳಿಂದ ಮೀಜಾನ್‌ವರೆಗೆ, ಬೇಸಿಗೆಯುದ್ದಕ್ಕೂ, ಬೀಸುವ ನೂರಿಪ್ಪತ್ತು ದಿನದ ಗಾಳಿ ಯಾವ ದಿನ ಎದ್ದಿತು, ಯಾವ ದಿನ ಬಿದ್ದಿತು ಎಂಬುದರಲ್ಲಿ ನಾನು ಒಮ್ಮೆಯೂ ತಪ್ಪಿಲ್ಲ. ಸಹೋದ್ಯೋಗಿ ಜಮಾಲುದ್ದೀನ್ ಒಂದು ದಿನ ಐದು ಇದ್ದದ್ದನ್ನು ಆರು ಎಂದು ಬರೆದ. ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಅವನ ಮಗಳ ಮದುವೆಗೂ ಹೋಗಲಿಲ್ಲ. ಪಲಾವ್ ಬಹಳ ಚೆನ್ನಾಗಿತ್ತಂತೆ. ಸತ್ಯಕ್ಕಾಗಿ ಏನಾದರೂ ಬಿಡಲೇಬೇಕು.

ಇವತ್ತು ನನಗೆ ಹೊಸ ಹುದ್ದೆ ಸಿಕ್ಕಿತು. ಅರ್ಜಿ ಹಾಕಿರಲಿಲ್ಲ. ವಿಧವೆ ತಂಗಿ ಸನೋಬರ್ ಚಹಾ ಮುಂದಿಟ್ಟು, ನಾಳೆಯಿಂದ ನಾನು ಅವಳ ಮಗಳು ಶಗೂಫಾಳ ಜೊತೆ ಹೋಗಿಬರಬೇಕೆಂದು ಘೋಷಿಸಿದಳು. ಶಗೂಫಾ ಹೆರಿಗೆಯ ವಿದ್ಯೆ ಕಲಿಯುತ್ತಿದ್ದವಳು. ಎರಡನೆಯ ವರ್ಷದಲ್ಲಿದ್ದಾಗ, ಹೋದ ಚಳಿಗಾಲ, ಹೆಣ್ಣುಮಕ್ಕಳಿಗೆ ಆ ವಿದ್ಯೆಯೂ ಬೇಡವೆಂದು ಸಂಸ್ಥೆಗೆ ಬೀಗ ಬಿತ್ತು. ಈಗ ನಮ್ಮ ಕೇರಿಯ ಹಳೆಯ ಸೂಲಗಿತ್ತಿ ಬೀಬಿ ಕೋಕಬ್ ಅವಳಿಗೆ ಮನೆಯಲ್ಲೇ ಕಲಿಸುತ್ತಾಳಂತೆ, ಹೆರಿಗೆಗಳಿಗೂ ಕರೆದೊಯ್ಯುತ್ತಾಳಂತೆ. ಆದರೆ ಹುಡುಗಿ ಹೊಸ್ತಿಲು ದಾಟಬೇಕಾದರೆ ಗಂಡ ಇಲ್ಲವೇ ರಕ್ತಸಂಬಂಧದ ಗಂಡಸೊಬ್ಬ, ಅಂದರೆ ಮಹ್ರಂ, ಪಕ್ಕದಲ್ಲಿರಬೇಕು. ತಾಯಿಯ ಅಣ್ಣ ಆದೀತು. ಮನೆಯಲ್ಲಿ ಇರುವ ಗಂಡಸು ನಾನೊಬ್ಬನೇ. ಕೋಳಿ ಹುಂಜ ಇತ್ತು, ಹಬ್ಬಕ್ಕೆ ಹೋಯಿತು.

ನನಗೆ ಗಾಳಿ ಬರೆಯುವುದಿದೆ ಎಂದೆ.

“ಬರೀರಿ ಅಣ್ಣಾ,” ಎಂದಳು ತಂಗಿ. “ಗಾಳಿ ಏನು ನಿಮ್ಮನ್ನ ಕೇಳ್ಕೊಂಡು ಬೀಸುತ್ತಾ?”

ಜೌಜಾ ೨೫

ಗಾಳಿ: ವಾಯವ್ಯದಿಂದ ಆರು. ಟೋಪಿ ಎರಡು ಸಲ ಹಾರಿತು.

ಕಾವಲುಗಾರನ ಗತ್ತಿನಲ್ಲಿ ಮುಂದೆ ಮುಂದೆ ನಡೆದೆ. ರಸ್ತೆ ದಾಟುವಾಗ ಆಟೋವೊಂದು ನನ್ನನ್ನು ಉಜ್ಜಿಕೊಂಡು ಹೋಗುತ್ತಿತ್ತು. ಶಗೂಫಾ ಹಿಂದಿನಿಂದ ತೋಳು ಹಿಡಿದೆಳೆದಳು. “ಮಾಮಾ, ನೀವು ಸತ್ರೆ ನಾನು ಮನೆಗೆ ಹೇಗೆ ಹೋಗ್ಲಿ?” ಎಂದಳು. ಪ್ರೀತಿಯಿಂದ ಹೇಳಿದಳೋ, ಸಾರಿಗೆ ವ್ಯವಸ್ಥೆಯ ಚಿಂತೆಯಿಂದಲೋ ತಿಳಿಯಲಿಲ್ಲ.

ಹತ್ತೊಂಬತ್ತರ ಈ ಹುಡುಗಿ ಅಡ್ಡ ಮಲಗಿದ ಕೂಸನ್ನು ಹೊರಗಿನಿಂದ ಕೈಯಾಡಿಸಿಯೇ ಗುರುತಿಸಬಲ್ಲಳು. ನನಗೆ ಅಂಗಿಯ ಗುಂಡಿ ತಪ್ಪಿ ಹಾಕಿರುವುದೂ ತಿಳಿಯುವುದಿಲ್ಲ. ಆದರೂ ಕಾನೂನಿನ ಪ್ರಕಾರ ಅವಳನ್ನು ಸುರಕ್ಷಿತವಾಗಿ ತಲುಪಿಸುತ್ತಿರುವವನು ನಾನು. ಇಬ್ಬರೂ ಇದನ್ನು ಗಂಭೀರವಾಗಿ ಒಪ್ಪಿಕೊಂಡು ನಡೆದೆವು.

ಅವಳ ಚೀಲ ಹೊರಲು ನಿರಾಕರಿಸಿದೆ. ಗಂಡಸಿಗೂ ಒಂದು ಮರ್ಯಾದೆ ಇದೆ.

ಸರತಾನ್ ೩

ಗಾಳಿ: ವಾಯವ್ಯದಿಂದ ಏಳು.

ಐವತ್ತೈದನೆಯ ವಯಸ್ಸಿನಲ್ಲಿ ನನಗೆ ಹೊಸ ತಾಯಿ ಸಿಕ್ಕಿದಳು. ನಡುರಸ್ತೆಯಲ್ಲಿ, ಹಗಲು ಹನ್ನೊಂದು ಗಂಟೆಗೆ.

ಊರಿನ ಆಚೆ ತುದಿಯಲ್ಲಿ ಒಂದು ಹೆರಿಗೆ. ಆಟೋದಲ್ಲಿ ಹಿಂದೆ ಬೀಬಿ ಕೋಕಬ್ ಮತ್ತು ಶಗೂಫಾ, ಮುಂದೆ ಚಾಲಕನ ಪಕ್ಕ ಅರ್ಧ ಸೀಟಿನಲ್ಲಿ ಪೂರ್ತಿ ನಾನು. ನೀತಿ ಪಾಲನಾ ಇಲಾಖೆಯ ಬಿಳಿ ನಿಲುವಂಗಿಯವರು ತಡೆದರು. ಹುಡುಗಿ ತಂಗಿಯ ಮಗಳು ಎಂದೆ, ಗುರುತಿನ ಚೀಟಿ ನೋಡಿ ತಲೆಯಾಡಿಸಿದರು. ಮುದುಕಿ ಯಾರು ಎಂದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೀಬಿಗೂ ನನಗೂ ಎಳ್ಳಷ್ಟೂ ಸಂಬಂಧವಿಲ್ಲ. ಅವಳ ಗಂಡ, ಮಕ್ಕಳು ಎಲ್ಲ ಮಣ್ಣು ಸೇರಿ ಎಷ್ಟೋ ಕಾಲವಾಗಿದೆ. ಸತ್ಯ ಹೇಳಲೆಂದು ನಾನು ಬಾಯಿ ತೆರೆದೆ. ಸದ್ಯ, ನನ್ನ ಬಾಯಿ ಬಹಳ ನಿಧಾನ.

“ಇವನು ನನ್ನ ಹಾಲು ಕುಡಿದ ಮಗ,” ಎಂದಳು ಬೀಬಿ ಬುರ್ಖಾದೊಳಗಿನಿಂದ. “ಇವನ ತಾಯಿಗೆ ಬಾಣಂತಿ ಜ್ವರ ಬಂದಾಗ ನಲವತ್ತು ದಿನ ಎದೆಹಾಲು ಕೊಟ್ಟೋಳು ನಾನು. ಕಚ್ತಿದ್ದ. ಈಗ ನೋಡೋಕೆ ಸಾಧು ಥರ ಇದಾನೆ.”

ಎದೆಹಾಲಿನ ಸಂಬಂಧವೂ ರಕ್ತಸಂಬಂಧದಷ್ಟೇ ಗಟ್ಟಿ. ಯಾವ ಮುಲ್ಲಾನೂ ತೆಗೆದುಹಾಕಲಾರ. ಬಿಳಿ ನಿಲುವಂಗಿಯವನು ನನ್ನ ಗಡ್ಡವನ್ನೂ ಹೊಟ್ಟೆಯನ್ನೂ ನೋಡಿ, ಆ ಹಾಲು ಎಲ್ಲಿಗೆ ಹೋಯಿತೆಂದು ಅಂದಾಜು ಮಾಡಿ, ಹೋಗಿ ಎಂದು ಕೈ ಬೀಸಿದ. ಚಾಲಕ ದಾರಿಯುದ್ದಕ್ಕೂ ನಗುತ್ತಿದ್ದ.

ನಿಜವೇ ಎಂದು ಆಮೇಲೆ ಬೀಬಿಯನ್ನು ಕೇಳಿದೆ. “ನಿಂಗೆ ನೆನಪಿಲ್ವಾ?” ಎಂದಳು. ಇಲ್ಲ ಎಂದೆ. “ಹಾಗಾದ್ರೆ ಸುಳ್ಳು ಅಂತ ಹ್ಯಾಗೆ ಹೇಳ್ತೀಯ? ಚೀಲ ಹಿಡ್ಕೋ.”

ಹಿಡಿದುಕೊಂಡೆ. ತಾಯಿ ಹೇಳಿದಾಗ ಏನು ಮಾಡುವುದು.

ಸರತಾನ್ ೧೯

ಹಿಂದಿನ ಬೀದಿಯ ಹೆಂಗಸು. ಗಂಡ ಕೂಲಿಗೆಂದು ಇರಾನಿನಲ್ಲಿದ್ದಾನೆ. ಮೊನ್ನೆ ಬೆಳಿಗ್ಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ಗಂಡಸಿಲ್ಲ. ಅವಳ ತಮ್ಮನನ್ನು ಹುಡುಕಿ ತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಜೀವ ಹೋಗಿತ್ತು. ಆ ಹೊತ್ತಿಗೆ ನಾನು ಮಹಡಿಯ ಮೇಲೆ ಗಾಳಿ ಅಳೆಯುತ್ತಿದ್ದೆ. ನಮ್ಮ ಮಹಡಿಯಿಂದ ಆ ಅಂಗಳ ಕಾಣುತ್ತದೆ.

ಶಗೂಫಾ ಎರಡು ದಿನದಿಂದ ಮಾತಾಡಿಲ್ಲ.

ಸರತಾನ್ ೨೪

ಇವತ್ತು ಮಾತಾಡಿದಳು. ಜಗಳದಿಂದ ಶುರು ಮಾಡಿದ್ದು ನೋಡಿ ಸಮಾಧಾನವಾಯಿತು.

ಬೀಬಿ ಕೋಕಬ್‌ಗೆ ಎಪ್ಪತ್ತಮೂರು. ಕೈ ನಡುಗುತ್ತದೆ. ಈ ಕೇರಿಗೆ ಅವಳ ನಂತರ ಯಾರೂ ಇಲ್ಲ. ಆದ್ದರಿಂದ ಶಗೂಫಾಳ ಜೊತೆ ಇನ್ನಿಬ್ಬರು ಹುಡುಗಿಯರನ್ನೂ ಸೇರಿಸಿಕೊಂಡು ವಾರಕ್ಕೆ ಮೂರು ಬೆಳಿಗ್ಗೆ ಪಾಠವೆಂದು ತೀರ್ಮಾನವಾಗಿದೆ. ಬೀಬಿಯ ನಿಯಮ ಸರಳ: ಏಳು ಹೆರಿಗೆ ಪಕ್ಕದಲ್ಲಿ ನಿಂತು ನೋಡಬೇಕು, ಎಂಟನೆಯದು ತನ್ನ ಕೈಯಲ್ಲೇ ಆಗಬೇಕು. ಎಂಟಾದ ಮೇಲೆ ಸೂಲಗಿತ್ತಿ.

ಶಗೂಫಾಳ ಚಿಂತೆ ಬೇರೆ. ಸಂಸ್ಥೆ ಮತ್ತೆ ತೆರೆಯುವ ದಿನ ಬಂದರೆ, ಎಷ್ಟು ಹೆರಿಗೆ ನೋಡಿದ್ದೀ, ಯಾವ ದಿನ ಎಂದು ಕೇಳುತ್ತಾರೆ. ದಿನಾಂಕ ಸಹಿತ ದಾಖಲೆ ಬೇಕು. ದಾಖಲೆ ಸಿಕ್ಕಿಬಿದ್ದರೆ ಮೂವರೂ ಹುಡುಗಿಯರು, ಬೀಬಿ, ಎಲ್ಲರೂ ಜೈಲಿಗೆ. ಎಲ್ಲಿ ಬರೆಯುವುದು?

ನನ್ನ ಗಾಳಿ ಪುಸ್ತಕದಲ್ಲಿ ಬರೆದರಾಯಿತು ಎಂದೆ. ದೇಶಭಕ್ತಿಯಿಂದಲ್ಲ, ಅನುಭವದಿಂದ. ಮೂವತ್ತೊಂದು ವರ್ಷದಲ್ಲಿ ಆ ಪುಸ್ತಕವನ್ನು ನನ್ನ ಹೊರತು ಒಬ್ಬ ಮನುಷ್ಯನೂ ತೆರೆದು ಓದಿದ್ದಿಲ್ಲ. ಇದಕ್ಕಿಂತ ಭದ್ರವಾದ ತಿಜೋರಿ ಲೋಕದಲ್ಲಿಲ್ಲ. ದಿಕ್ಕು ಹುಡುಗಿಯ ಗುರುತು: ಉತ್ತರ ಶಗೂಫಾ, ಪೂರ್ವ ಮತ್ತು ದಕ್ಷಿಣ ಉಳಿದಿಬ್ಬರು. ಬಲ ಅಂದರೆ ಅವಳು ಇದುವರೆಗೆ ನೋಡಿದ ಹೆರಿಗೆಗಳ ಸಂಖ್ಯೆ. ಅದರಲ್ಲಿ ಅಂಕಿ ಮಾತ್ರ; ಈ ಮಾತುಗಳೆಲ್ಲ ಹಾಸಿಗೆಯಡಿಯ ಈ ದಿನಚರಿಗೆ.

ಶಗೂಫಾ ಹತ್ತಿರ ಬಂದು ಕೂತಳು. “ಆದ್ರೆ ಅದು ಸುಳ್ಳು ಗಾಳಿ ಅಲ್ವಾ ಮಾಮಾ? ನಿಮಗೆ ಆಗುತ್ತಾ?”

ನಿಜದ ಗಾಳಿಗೆ ಇನ್ನೊಂದು ಪುಸ್ತಕ ಇಡುತ್ತೇನೆ ಎಂದೆ. ತತ್ವ ತತ್ವವೇ.

ಅಸದ್ ೧೧

ಗಾಳಿ: ವಾಯವ್ಯದಿಂದ ಏಳು. (ಇದು ನಿಜದ್ದು.)

ಮೂವರು ಹುಡುಗಿಯರೆಂದರೆ ಮೂವರು ಮಹ್ರಂಗಳು. ಅವರು ಒಳಮನೆಯಲ್ಲಿ ಕಲಿಯುತ್ತಾರೆ, ನಾವು ಹೊರಕೋಣೆಯಲ್ಲಿ ದಪ್ಪಗಾಗುತ್ತೇವೆ. ನಾನು, ಒಬ್ಬಳ ಅಜ್ಜ ಹಾಜಿ ಸಮದ್, ಇನ್ನೊಬ್ಬಳ ಗಂಡ ತಾಹಿರ್. ಹಾಜಿಗೆ ಕಿವಿ ಕೇಳುವುದಿಲ್ಲ, ಆದರೆ ಅಭಿಪ್ರಾಯಗಳಿವೆ. ತಾಹಿರ್‌ಗೆ ಹೊಸದಾಗಿ ಮದುವೆಯಾಗಿದೆ, ಹೆಂಡತಿ ಪಾಠ ಮುಗಿಸುವವರೆಗೆ ಕಾಯಬೇಕಲ್ಲ ಎಂದು ಮುಖ ಊದಿಸಿಕೊಂಡು ಕೂರುತ್ತಾನೆ. ಅವನ ಮನಸ್ಸು ಹಗುರ ಮಾಡಲೆಂದು ಗಾಳಿಯ ಹನ್ನೆರಡು ಬಲಗಳನ್ನು ವಿವರಿಸಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನು ಎದ್ದು ಹೋಗಿ ಅಂಗಳ ಗುಡಿಸುತ್ತಿದ್ದ.

ಗೋಡೆಯಾಚೆ ಪಾಠ ಕೇಳಿಸುತ್ತದೆ. ಹಿಟ್ಟಿನ ಚೀಲ ಹೊಲಿದು ಮಾಡಿದ ಗೊಂಬೆಯೇ ಕೂಸು. ಬೀಬಿ ಬೈಯುತ್ತಾಳೆ, ಹುಡುಗಿಯರು ನಗುತ್ತಾರೆ. ನಗು ಜೋರಾದರೆ ನಾನು ಕೆಮ್ಮಬೇಕು, ಅದು ನನ್ನ ಕರ್ತವ್ಯ. ಹೆಂಗಸರ ದನಿ ಬೀದಿಗೆ ಕೇಳಬಾರದೆಂದು ಆಜ್ಞೆಯಿದೆ. ಇವತ್ತು ಎಷ್ಟು ಕೆಮ್ಮಿದೆನೆಂದರೆ ಹಾಜಿ ನನಗೆ ಕ್ಷಯವೆಂದು ನಿರ್ಧರಿಸಿ ದೂರ ಕುಳಿತರು.

ಸುಂಬುಲಾ ೬

ಉತ್ತರದಿಂದ ನಾಲ್ಕು. ಪೂರ್ವದಿಂದ ಎರಡು. ದಕ್ಷಿಣದಿಂದ ಮೂರು.

ಇವತ್ತಿನ ಹೆರಿಗೆಯಲ್ಲಿ ಕತ್ತರಿ, ದಾರ ಕುದಿಸಿಕೊಟ್ಟವನು ನಾನು. ಸಂದರ್ಭ ಹಾಗಿತ್ತು, ಮನೆಯವರೆಲ್ಲ ಗಾಬರಿಯಲ್ಲಿದ್ದರು. ಇಪ್ಪತ್ತು ನಿಮಿಷ ಕುದಿಸಬೇಕು, ಹತ್ತು ಸಾಲದು. ಬಂದಮೇಲೆ ಬಜಾರಿನಲ್ಲಿ ಹಾಜಿ ಸಮದ್, ಹೊಕ್ಕುಳ ಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸಬೇಕೆಂದು ಯಾರಿಗೋ ಹೇಳುತ್ತಿದ್ದರು. ಬಡಿತ ನಿಲ್ಲುವವರೆಗೆ ಕಾಯಬೇಕೆಂದು ಅವರ ಕಿವಿಯಲ್ಲಿ ಕೂಗಿ ಹೇಳಿದೆ. ಇಡೀ ಅಂಗಡಿಸಾಲು ತಿರುಗಿ ನೋಡಿತು.

ನನಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ. ತಪ್ಪು ಮಾಹಿತಿ ಸಹಿಸಲಾರೆ, ಅಷ್ಟೇ.

ಸುಂಬುಲಾ ೨೩

ಉತ್ತರದಿಂದ ಆರು. ಅವಳಿಜವಳಿ, ಒಂದೇ ಹೆರಿಗೆ ಎಂದು ಬರೆಯಬೇಕೋ ಎರಡೋ ಎಂಬ ಬಗ್ಗೆ ಬೀಬಿಗೂ ನನಗೂ ಒಂದು ಗಂಟೆ ವಾದ. ಒಂದೇ ಎಂದು ಬೀಬಿ ಗೆದ್ದಳು. ಹಾಲಿನ ಋಣ ಎತ್ತಿದಳು, ಅದು ಮೋಸ.

ದಾರಿಯಲ್ಲಿ ಶಗೂಫಾ, ಬೀಬಿ ಇತ್ತೀಚೆಗೆ ಹೊಕ್ಕುಳ ಬಳ್ಳಿಗೆ ಗಂಟು ಹಾಕಲು ತನ್ನ ಕೈಗೇ ಕೊಡುತ್ತಾಳೆ ಎಂದಳು. ಬೀಬಿಗೆ ಆಗುವುದಿಲ್ಲವಂತೆ.

ಮೀಜಾನ್ ೧೮

ಉತ್ತರದಿಂದ ಏಳು. ಮುಂದಿನದು ಎಂಟು. ಹಾಜಿಯ ಮೊಮ್ಮಗನ ಹೆಂಡತಿಗೆ ದಿನ ತುಂಬಿದೆ, ವಾರದೊಳಗೆ ಆಗಬಹುದು. ಶಗೂಫಾ ಊಟ ಬಿಟ್ಟಿದ್ದಾಳೆ. ಅವಳ ಪಾಲನ್ನು ತಿನ್ನುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ.

ಮೀಜಾನ್ ೨೧

ಅಕ್ಷರ ಹೀಗಿರುವುದಕ್ಕೆ ಕ್ಷಮೆ. ಯಾರನ್ನು ಕೇಳುತ್ತಿದ್ದೇನೆ?

ಬೆಳಿಗ್ಗೆ ಹತ್ತಕ್ಕೆ ಬೀಬಿಯ ಮನೆಗೆ ಬಿಳಿ ನಿಲುವಂಗಿಯವರು ಮೂವರು ಬಂದರು. ಈ ಮನೆಗೆ ವಾರಕ್ಕೆ ಮೂರು ಸಲ ಹುಡುಗಿಯರು ಬರುತ್ತಾರೆಂದು ಯಾರೋ ದೂರು ಕೊಟ್ಟಿದ್ದಾರೆ. ನಾನು ಕೆಮ್ಮಿದೆ. ಒಳಗೆ ಸದ್ದಡಗಿತು. ಬೀಬಿ ನನ್ನ ಹಾಲುತಾಯಿ, ಮೈಗೆ ಹುಷಾರಿಲ್ಲ, ಹೆಣ್ಣುಮಕ್ಕಳು ಸೇವೆಗೆ ಬರುತ್ತಾರೆ, ಪ್ರತಿಯೊಬ್ಬಳ ಮಹ್ರಂ ಇಲ್ಲೇ ಕೂತಿದ್ದೇವೆ ಎಂದೆ. ಮೂವರ ಹಿರಿಯ, ನಲವತ್ತರ ಆಸುಪಾಸಿನವನು, ಗುರುತಿನ ಚೀಟಿಗಳನ್ನು ನೋಡಿ ಒಪ್ಪಿಕೊಳ್ಳುವಂತಿದ್ದ. ಆಗ ಅವನ ಕಣ್ಣು ನನ್ನ ಪಕ್ಕದ ಪುಸ್ತಕದ ಮೇಲೆ ಬಿತ್ತು. ಮೂವತ್ತೊಂದು ವರ್ಷ ಯಾರೂ ಓದದ ಪುಸ್ತಕ. ಅವನು ಗೋಡೆಗೊರಗಿ ಕುಳಿತು ಓದತೊಡಗಿದ.

ಇದೇನು ಎಂದ. ಗಾಳಿಯ ದಾಖಲೆ ಎಂದು ಹೇಳಿ, ಬಲಗಳ ವಿವರಣೆ ಶುರು ಮಾಡಿದೆ. ಎಲ್ಲರೂ ಎದ್ದು ಹೋಗುವ ನಾಲ್ಕನೆಯ ಬಲ ದಾಟಿದರೂ ಅವನು ಕದಲಲಿಲ್ಲ. ಕೊನೆಯ ಪುಟಕ್ಕೆ ಬಂದ.

“ನಾನು ಇಂಜೀಲ್ ತಾಲೂಕಿನವನು,” ಎಂದ. “ದ್ರಾಕ್ಷಿ ತೋಟದ ಮಗ. ಗಾಳಿ ಬಿದ್ದು ಐದು ದಿನ ಆಯ್ತು. ಹದಿನಾರಕ್ಕೇ ನಿಂತಿದೆ. ಹದಿನೆಂಟಕ್ಕೆ ಉತ್ತರದಿಂದ ಏಳು ಅಂತ ಬರೆದಿದೀಯಲ್ಲ, ಯಾವ ಊರಲ್ಲಿ ಬೀಸ್ತು ಅದು?”

ಕಿಟಕಿಯಾಚೆ ನೋಡಿದೆ. ಮಲ್ಬೆರಿ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಗಾಳಿ ನಿಂತಿದೆ, ನಾನು ನೋಡಿಯೇ ಇಲ್ಲ. ನಿಜದ ಗಾಳಿಯ ಪುಸ್ತಕ ಎಲ್ಲಿಟ್ಟೆನೆಂದೂ ನೆನಪಾಗಲಿಲ್ಲ.

ಅವನು ಬೆರಳನ್ನು ಉತ್ತರ ಎಂಬ ಅಕ್ಷರದ ಮೇಲೆ ಇಟ್ಟುಕೊಂಡೇ, “ಇದು ಗಾಳಿ ಅಲ್ಲ. ಏನಿದು?” ಎಂದ. ಗೋಡೆಯಾಚೆ ಶಗೂಫಾ ಉಸಿರು ಬಿಗಿಹಿಡಿದಿರುವುದು ನನಗೆ ಕೇಳಿಸಿತು. ಉಸಿರು ಬಿಗಿಹಿಡಿದರೆ ಕೇಳಿಸುವುದಿಲ್ಲ ಎಂದು ಗೊತ್ತು. ಕೇಳಿಸಿತು.

“ತಪ್ಪಾಗಿದೆ, ಸಾಹೇಬರೆ,” ಎಂದೆ.

“ಯಾವುದು?”

“ಎಲ್ಲಾನೂ. ಮೂವತ್ತೊಂದು ವರ್ಷದ್ದೂ.” ನಾಲಗೆ ತಾನಾಗಿ ಓಡಿತು. “ನನಗೆ ಗಾಳಿ ಅಳೆಯೋಕೆ ಬರಲ್ಲ. ಮಹಡಿ ಹತ್ತಿದ್ರೆ ಮಂಡಿ ನೋವು. ಕೆಳಗೇ ಕೂತು ಮನಸ್ಸಿಗೆ ಬಂದ ಅಂಕಿ ಬರೀತಿದ್ದೆ. ಯಾರೂ ನೋಡಲ್ಲ ಅಂತ. ಈಗ ಕೆಲಸ ಹೋಗಿದೆ, ಚಟ ಹೋಗಿಲ್ಲ. ನೀವೇ ಮೊದಲು ಹಿಡಿದಿದ್ದು.”

ಹಾಜಿ ಸಮದ್‌ಗೆ ಎಷ್ಟು ಕೇಳಿಸಿತೋ, ಗಟ್ಟಿಯಾಗಿ ಹೇಳಿದರು: “ನಾನು ಅವತ್ತೇ ಅಂದಿದ್ದೆ. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ.”

ದ್ರಾಕ್ಷಿ ತೋಟದ ಮಗ ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಹೊಟ್ಟೆಯಲ್ಲಿ. ಉಳಿದಿಬ್ಬರನ್ನು ಕರೆದು ಪುಟ ತಿರುಗಿಸಿ ತೋರಿಸಿದ. ಮೂವತ್ತೊಂದು ವರ್ಷ ಕೂತು ಸುಳ್ಳು ಗಾಳಿ ಬರೆದ ದಡ್ಡ ಎಂದ. ಕಣ್ಣೀರು ಒರೆಸಿಕೊಂಡು ಪುಸ್ತಕವನ್ನು ನನ್ನ ಮಡಿಲಿಗೆ ಎಸೆದ. ಹೆಂಗಸರು ಇಲ್ಲಿ ಗುಂಪುಗೂಡಬಾರದೆಂದು ಬಾಗಿಲಲ್ಲಿ ಬೆರಳೆತ್ತಿ ಎಚ್ಚರಿಸಿ ಹೋದ. ಬೀದಿಯ ತುದಿಯವರೆಗೂ ಅವರ ನಗು ಕೇಳುತ್ತಿತ್ತು.

ತಾಹಿರ್ ಬಂದು ನನ್ನ ಲೋಟಕ್ಕೆ ಚಹಾ ತುಂಬಿದ. ಅವನು ಇಷ್ಟು ದಿನದಲ್ಲಿ ನನಗೆ ಮಾಡಿದ ಮೊದಲ ಉಪಕಾರ. ಲೋಟ ಹಿಡಿಯಲು ನನ್ನ ಕೈಗೆ ಆಗಲಿಲ್ಲ. ಬೀಬಿ ಪರದೆಯಾಚೆಯಿಂದ, “ನಂಗೂ ಹೀಗೇ ಆಗುತ್ತೆ ಮಗಾ. ಎರಡು ಕೈಯಲ್ಲಿ ಹಿಡ್ಕೋ,” ಎಂದಳು.

ಮೀಜಾನ್ ೨೪

ಬಜಾರಿಗೆಲ್ಲ ಸುದ್ದಿ ಹಬ್ಬಿದೆ. ನಾನ್ ಅಂಗಡಿಯವನು, ಇವತ್ತು ಗಾಳಿ ಎಷ್ಟು ಬರೆದಿರಿ ಸೈಫುದ್ದೀನ್ ಸಾಹೇಬ್ ಎಂದು ಕೇಳಿದ, ಸಾಲಿನಲ್ಲಿದ್ದವರು ನಕ್ಕರು. ಮೂವತ್ತೊಂದು ವರ್ಷದ ಹೆಸರು ಮೂರು ದಿನದಲ್ಲಿ ಮುಗಿಯಿತು. ದುಃಖದಿಂದ ಊಟ ಸೇರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಎರಡು ತಟ್ಟೆ ಪಲಾವ್ ಸೇರಿತು.

ಜಮಾಲುದ್ದೀನ್ ಹನ್ನೊಂದು ವರ್ಷದ ಮೇಲೆ ಚೀಟಿ ಕಳಿಸಿದ್ದಾನೆ. ಒಂದೇ ಸಾಲು: “ಹಾಗಾದರೆ ಅವತ್ತು ಆರೇ ಇತ್ತು ತಾನೆ?”

ಐದೇ ಇತ್ತು. ದೇವರಾಣೆ ಐದೇ ಇತ್ತು. ಆದರೆ “ಆರಿತ್ತು” ಎಂದು ಬರೆದು ಕಳಿಸಿದೆ. ಒಬ್ಬನಿಗೆ ಹೇಳಿದ ಸುಳ್ಳು ಊರಿಗೆಲ್ಲ ಒಂದೇ ಇರಬೇಕಲ್ಲ.

ಪಾಠ ಇನ್ನು ಬೀಬಿಯ ಮನೆಯಲ್ಲಿಲ್ಲ. ನಮ್ಮ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಸನೋಬರ್ ಕೇಳಲಿಲ್ಲ, ನಾನೇ ಹೇಳಿದೆನಂತೆ. ಹೇಳಿದ ನೆನಪಿಲ್ಲ.

ಮೀಜಾನ್ ೨೭

ಬೆಳಿಗ್ಗೆ ಆರಕ್ಕೆ ಹಾಜಿ ಸಮದ್‌ರ ಮನೆಯಿಂದ ಕರೆ ಬಂತು. ನಾನು ಚೀಲ ಹೊತ್ತು ಮುಂದೆ, ಶಗೂಫಾ ಹಿಂದೆ. ಅರ್ಧ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ ಓಡುತ್ತ. ಬೀಬಿ ಒಳಗೆ ಸಣ್ಣ ಪೀಠದ ಮೇಲೆ ಕುಳಿತು, ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡಳಂತೆ. ಒಂದು ಸಲವೂ ಎತ್ತಲಿಲ್ಲವಂತೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ, ಅದು ನನಗೂ ಕೇಳಿತು.

ಹೊರಗೆ ನಾನು ಕತ್ತರಿ ಕುದಿಸಿದೆ. ಇಪ್ಪತ್ತು ನಿಮಿಷ.

ಹತ್ತು ಗಂಟೆಗೆ ಅಳು ಕೇಳಿತು. ಶಗೂಫಾ ಬಾಗಿಲಿಗೆ ಬಂದಳು. ತೋಳು ಮೊಣಕೈವರೆಗೆ ಒದ್ದೆ, ಮುಖದ ಮೇಲೆ ಏನೋ ಹತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದಳು. ಹಾಜಿಯವರು ಏನಂತೆ ಏನಂತೆ ಎಂದು ನನ್ನನ್ನು ಅಲ್ಲಾಡಿಸಿದರು. ಅವರ ಕಿವಿಗೆ ಬಾಯಿಟ್ಟು “ಹೆಣ್ಣು” ಎಂದು ಕೂಗಿದೆ. ಆಚೆ ಬೀದಿಯಲ್ಲೂ ಕೇಳಿರಬೇಕು. ದನಿ ಗಂಡಸಿನದು, ಕಾನೂನಿನ ಅಡ್ಡಿಯಿಲ್ಲ.

“ಬರ್ಕೊಳ್ಳಿ ಮಾಮಾ,” ಎಂದಳು ಶಗೂಫಾ.

ಅಲ್ಲೇ ಅಂಗಳದಲ್ಲಿ ಕುಳಿತು ಪುಸ್ತಕ ತೆರೆದೆ. ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಒಂದೆಲೆ ಅಲುಗುತ್ತಿರಲಿಲ್ಲ.

ಮೀಜಾನ್ ೨೭. ಗಾಳಿ: ಉತ್ತರದಿಂದ ಎಂಟು. ಸ್ವತಃ ಕಂಡು ಬರೆದದ್ದು. ಸಹಿ, ಸೈಫುದ್ದೀನ್, ಗಾಳಿ ಗುಮಾಸ್ತ.